ಉಡಿಯಲ್ಲಿ ಬಂದ ಕರಬೂಜ

ಧಾರವಾಡ, ಹೊರಡುವ ಮುನ್ನ

ನಮ್ಮ ಓಣಿಯಲ್ಲಿ ಪರದೇಶಕ್ಕೆ ಹೋಗಿಬಂದವರು ಒಬ್ಬರೇ ಇದ್ದರು, ವಕೀಲರ ಮನೆಯ ದೊಡ್ಡ ಮಗ. ಲಂಡನ್ನಿನಿಂದ ತಂದ ಛತ್ರಿಯನ್ನು ಅವನು ಹಾಳಾದೀತೆಂದು ಮಳೆಯಲ್ಲಿ ಬಿಚ್ಚುತ್ತಿರಲಿಲ್ಲ. ಎರಡನೆಯವಳು ನಾನು. ನಾನು ಹಡಗು ಹತ್ತಲಿಲ್ಲ, ತುಂಗಭದ್ರೆಯ ಸೇತುವೆ ದಾಟಿದೆ ಅಷ್ಟೆ. ಆದರೆ ದಾಟಿದ ಮೇಲೆ ನಾಣ್ಯ ಬೇರೆ, ಸುಂಕದ ಕಟ್ಟೆ ಬೇರೆ, ಕಚೇರಿಯ ಲಿಪಿ ಬೇರೆ, ಸರಕಾರದ ತಿಂಗಳುಗಳ ಹೆಸರೂ ಬೇರೆ. ಇಷ್ಟೆಲ್ಲ ಇದ್ದ ಮೇಲೆ ಅದನ್ನು ಪರದೇಶ ಎನ್ನಲು ಏನಡ್ಡಿ? ಪೊಲೀಸ್ ಕಾರ್ಯಾಚರಣೆ ಮುಗಿದು ಹೈದರಾಬಾದ್ ಸಂಸ್ಥಾನ ನಮ್ಮ ದೇಶಕ್ಕೆ ಸೇರಿದ ಮರುಬೇಸಿಗೆ ಅದು. ಸೇರಿದ್ದು ನಿಜ, ಆದರೆ ಸೇರಿದ ಸುದ್ದಿ ಸುಂಕದ ಕಟ್ಟೆಯವರಿಗೆ ಇನ್ನೂ ಪೂರ್ತಿ ಮುಟ್ಟಿದಂತಿರಲಿಲ್ಲ.

ಹೋಗಲು ಕಾರಣ ನಮ್ಮವರು. ಅವರು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಾರೆ. ಬೇರೆಯವರ ಗಂಡಂದಿರಿಗೆ ನಶ್ಯದ ಚಟ, ಇಸ್ಪೀಟಿನ ಚಟ ಇರುವ ಹಾಗೆ ಇವರಿಗೆ ಕರಬೂಜದ ಚಟ. ಇವರ ಮೇಲಿನ ಹಿರಿಯ ಅಧ್ಯಾಪಕರೊಬ್ಬರು, ಕರಬೂಜ ನಮ್ಮ ಹಣ್ಣೇ ಅಲ್ಲ, ಬಾದಶಹರ ಹಿಂದೆ ಇರಾನಿನಿಂದ ಬಂದದ್ದು ಎಂದು ಪಾಠ ಹೇಳುತ್ತಿದ್ದರು. ಆಫ್ರಿಕದಿಂದ ಬಂದದ್ದು ಎನ್ನುವವರೂ ಇದ್ದಾರಂತೆ. ನಮ್ಮವರದು ಬೇರೆಯೇ ವಾದ. ಹೊಲದ ಬದುವಿನಲ್ಲಿ ತಾನಾಗಿ ಹಬ್ಬುವ ಗೋಲಿಯಷ್ಟು ಗಾತ್ರದ ಕಹಿ ಮಿಣಕಿ, ಹಣ್ಣಾದ ಕೂಡಲೇ ಬಿರಿಯುವ ಕೆಕ್ಕರಿಕೆ, ತೆಲುಗರು ಬೇಳೆಯಲ್ಲಿ ಹಾಕಿ ಬೇಯಿಸುವ ಹಳದಿ ದೋಸಕಾಯಿ, ಸಕ್ಕರೆಯಂಥ ಕರಬೂಜ, ಇವೆಲ್ಲ ಒಂದೇ ರಕ್ತದ ನಂಟರು. ಒಂದರ ಹೂವಿನ ಪುಡಿ ಇನ್ನೊಂದಕ್ಕೆ ಬಿದ್ದರೆ ಬೀಜ ಕಟ್ಟುತ್ತದೆ, ಆ ಬೀಜ ಮೊಳೆಯುತ್ತದೆ. ಇಷ್ಟು ಬಗೆಯ ನಂಟರು ಒಂದೇ ಸೀಮೆಯಲ್ಲಿ ಕಿಕ್ಕಿರಿದಿದ್ದರೆ ಮೂಲದ ಮನೆ ಇಲ್ಲೇ ಎಲ್ಲೋ ಇರಬೇಕಲ್ಲ ಎನ್ನುವುದು ಅವರ ಮಾತು. ಅನ್ನಕ್ಕೆ ಕೂತಾಗಲೂ ಇದೇ ಮಾತು, ಹಾಸಿಗೆ ಹಾಸುವಾಗಲೂ ಇದೇ ಮಾತು.

ಹೀಗಿರುವಾಗ ಯಾರೋ ಅವರ ಕಿವಿಗೆ ಒಂದು ಸುದ್ದಿ ಹಾಕಿದರು. ಮಕ್ತಲ್ ಹತ್ತಿರ ಕೃಷ್ಣೆಯ ಮರಳಿನಲ್ಲಿ ಗೀಟಿನ ಕರಬೂಜ ಎಂಬ ಹಣ್ಣು ಬೆಳೆಯುತ್ತಾರೆ, ಮೇಲೆ ನೋಡಿದರೆ ಮಿಣಕಿಯ ಹಾಗೆ ಹಸಿರು ಗೀಟು, ಒಳಗೆ ಕರಬೂಜದ ಸಿಹಿ ಎಂದು. ಅಜ್ಜಿಯ ಮೂಗು ಮೊಮ್ಮಗಳ ಮುಖದ ಮೇಲೆ ಸಿಕ್ಕ ಹಾಗಾಯಿತು ಇವರಿಗೆ. ಆ ಹಣ್ಣಿನ ಬೀಜ ತಂದು ಕಾಲೇಜಿನ ತೋಟದಲ್ಲಿ ಬೆಳೆದು ತೋರಿಸಿದರೆ ಹಿರಿಯರ ಇರಾನಿನ ಪಾಠ ನಿಂತೀತು. ಬೀಜ ಸಿಗದಿದ್ದರೆ ಇವರ ವಾದ ನಮ್ಮ ಅಡುಗೆಮನೆಯಲ್ಲೇ ಉಳಿಯಬೇಕು.

ನಾರಾಯಣಪೇಟೆ ಅಲ್ಲಿಂದ ದೂರವಲ್ಲ, ಅಲ್ಲಿ ಒಳ್ಳೆಯ ಸೀರೆ ಸಿಗುತ್ತದೆ ಎಂದು ಗೊತ್ತಾದ ಮೇಲೆ ನಾನೂ ಟ್ರಂಕು ಕಟ್ಟಿದೆ.

ರಾಯಚೂರು ನಿಲ್ದಾಣ

ಗುಂತಕಲ್ಲಿನಲ್ಲಿ ರೈಲು ಬದಲಿಸಿ, ತುಂಗಭದ್ರೆ ದಾಟಿ ರಾಯಚೂರಿನಲ್ಲಿ ಇಳಿದೆವು. ಅಲ್ಲಿ ಕರೋಡಗಿರಿಯವರು ಕಾದಿದ್ದರು. ಆ ಸಂಸ್ಥಾನದಲ್ಲಿ ಸುಂಕದ ಇಲಾಖೆಗೆ ಹಾಗೆನ್ನುತ್ತಾರೆ. ಕೆಂಪು ಪಟ್ಟಿಯ ರುಮಾಲು ಸುತ್ತಿದ ಮೀಸೆಯ ಮನುಷ್ಯನೊಬ್ಬ ನಮ್ಮ ಟ್ರಂಕಿಗೆ ಕೈ ಹಾಕಿದ. ನನ್ನ ಸೀರೆಗಳನ್ನು ಬಹಳ ಮರ್ಯಾದೆಯಿಂದ ಬದಿಗೆ ಸರಿಸಿದ. ಅಡಿಯಲ್ಲಿ ನಮ್ಮವರ ಭೂತಗನ್ನಡಿ, ಚಾಕು, ಇಕ್ಕಳ, ಒಂದು ಬಟ್ಟೆಯ ಚೀಲ. ಚೀಲ ಬಿಚ್ಚಿದರೆ ಒಣಗಿದ ಗುಂಡುಗಳು.

"ಇದೇನ್ರಿ ಸಾಬ್? ಗುಂಡು ಇದ್ದಂಗ ಅದಾವ," ಎಂದು ಅವನು ಒಂದು ಹೆಜ್ಜೆ ಹಿಂದೆ ಸರಿದ. ರಜಾಕಾರರ ಗದ್ದಲ ಮುಗಿದು ಇನ್ನೂ ವರ್ಷ ತುಂಬಿರಲಿಲ್ಲ, ಎಲ್ಲರಿಗೂ ಎಲ್ಲದರ ಮೇಲೂ ಅನುಮಾನ.

"ಛೇ ಛೇ, ಮಿಣಕಿ ಕಾಯಿ. ಒಣಗಿಸಿದ್ದು. ಇದು ಕರಬೂಜದ ಅಜ್ಜಿ ಅದ," ಎಂದರು ನಮ್ಮವರು. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗಿತ್ತು. ನಿಲ್ಲಿಸಲಿಲ್ಲ. ಪ್ಲಾಟ್‌ಫಾರ್ಮಿನ ಮೇಲೆ ನಿಂತು ಆಫ್ರಿಕ, ಇರಾನ್, ಬಾದಶಹರ ಕುದುರೆ ಎಲ್ಲವನ್ನೂ ಹೇಳಿದರು. ಕೇಳಿ ಕೇಳಿ ಸಾಕಾಗಿ ಆ ಮನುಷ್ಯ, ಮಾತು ನಿಜವೋ ಸುಳ್ಳೋ ನೋಡಿಯೇ ಬಿಡೋಣವೆಂದು ಒಂದು ಕಾಯಿ ಬಾಯಿಗೆ ಹಾಕಿ ಕಚ್ಚಿದ. ಅವನ ಮೀಸೆ ಎರಡೂ ಕಡೆ ಬೇರೆ ಬೇರೆಯಾಗಿ ಅಲುಗಿತು.

"ಸಾಬ್," ಎಂದ ಉಗುಳಿ ಬಂದು, "ನಿಮ್ಮ ಅಜ್ಜಿ ಭಾಳ ಕಹಿ ಅದಾಳ್ರಿ. ಒಯ್ರಿ, ಒಯ್ರಿ. ಇದಕ್ಕ ಸುಂಕ ಇಲ್ಲ."

ನಾನು ನಕ್ಕಿದ್ದು ನಮ್ಮವರಿಗೆ ಸೇರಲಿಲ್ಲ. ಕೃಷ್ಣಾ ಸ್ಟೇಷನ್ನಿನವರೆಗೆ ಕಿಟಕಿಯ ಹೊರಗೇ ನೋಡುತ್ತ ಕೂತರು.

ಮಕ್ತಲ್

ಮಕ್ತಲ್‌ನಲ್ಲಿ ನಾವು ಇಳಿದುಕೊಂಡದ್ದು ನಮ್ಮವರ ದೂರದ ಅಣ್ಣ ಗುಂಡಾಚಾರರ ಮನೆಯಲ್ಲಿ. ಅವರು ಗುಡಿಯ ಪೂಜೆ ಮಾಡುವವರು, ಹೆಂಡತಿ ರಮಕ್ಕ. ನಮ್ಮ ಧಾರವಾಡದಲ್ಲಿ ಬಂದವರನ್ನು ಮೊದಲು ಮಾತಾಡಿಸಿ ಆಮೇಲೆ ಚಹಾ ಕೊಡುತ್ತೇವೆ. ಇಲ್ಲಿ ಮೊದಲು ಒಂದು ತಂಬಿಗೆ ನೀರು, ಅಂಗೈಯಷ್ಟು ಬೆಲ್ಲ. ಅದು ಹೊಟ್ಟೆಗೆ ಹೋಗುವವರೆಗೆ ಯಾರೆಂದು ಕೇಳುವುದೂ ಇಲ್ಲ. ಆ ಬಿಸಿಲಿಗೆ ಅದೇ ಸರಿ. ರಮಕ್ಕ ನನ್ನ ಜೊತೆ ಕನ್ನಡ, ಹಾಲಿನವಳ ಜೊತೆ ತೆಲುಗು, ಕಚೇರಿಯ ಚಪರಾಸಿ ಬಂದರೆ ಉರ್ದು ಮಾತಾಡುತ್ತಿದ್ದರು. ಬೆಕ್ಕಿಗೆ ಮಾತ್ರ ಮೂರು ಭಾಷೆಯಲ್ಲೂ ಬೈಯುತ್ತಿದ್ದರು.

ಮರುದಿನ ಸಂತೆ. ಗೀಟಿನ ಕರಬೂಜ ಹುಡುಕಲು ಕಷ್ಟಪಡಬೇಕಾಗಲಿಲ್ಲ, ವಾಸನೆಯೇ ಕೈ ಹಿಡಿದು ಕರೆದುಕೊಂಡು ಹೋಯಿತು. ಬುಟ್ಟಿಯ ಹಿಂದೆ ಕೂತಿದ್ದವಳು ಗಟ್ಟಿಮುಟ್ಟಾದ ಹೆಂಗಸು, ಹಣೆಯ ಮೇಲೆ ದೊಡ್ಡ ಕುಂಕುಮ, ಕೈ ತುಂಬ ಹಸಿರು ಬಳೆ. ಪಕ್ಕದಲ್ಲಿ ಒಂದು ಮಣ್ಣಿನ ಗಡಿಗೆ. ಉಳಿದ ಹಣ್ಣುಗಳನ್ನೆಲ್ಲ ಸಂತೆಯಲ್ಲಿ ಇಡಿಯಾಗಿ ಮಾರುತ್ತಿದ್ದರು. ಇವಳು ಮಾತ್ರ ಗೀಟಿನ ಹಣ್ಣನ್ನು ಅಲ್ಲೇ ಹೆಚ್ಚಿ, ಬೀಜವನ್ನು ಬೆರಳಿನಿಂದ ಕೆರೆದು ಗಡಿಗೆಗೆ ಹಾಕಿ, ತಿರುಳನ್ನಷ್ಟೇ ಮುತ್ತುಗದ ಎಲೆಯ ಮೇಲೆ ಕೊಡುತ್ತಿದ್ದಳು. ಜನ ಅಲ್ಲೇ ಕೂತು ತಿಂದು, ಹಲ್ಲಿಗೆ ಸಿಕ್ಕ ಒಂದೆರಡು ಬೀಜವನ್ನೂ ಎಲೆಯ ಮೇಲೆ ಇಟ್ಟು ಏಳುತ್ತಿದ್ದರು.

"ಇಡೀ ಹಣ್ಣು ಕೊಡ್ರಿ," ಎಂದರು ನಮ್ಮವರು.

"ಇಡೀದು ಕೊಡಂಗಿಲ್ರಿ. ಹಣ್ಣು ತಿನ್ರಿ, ಬೀಜ ಇಟ್ಟು ಹೋಗ್ರಿ."

ಹಣ್ಣನ್ನು ಬಾಯಿಗಿಟ್ಟೆ. ತಣ್ಣಗಿನ, ಹಿತವಾದ ಸಿಹಿ, ಆಮೇಲೆ ಮೂಗಿನ ತನಕ ಏರುವ ಪರಿಮಳ. ಧಾರವಾಡದಲ್ಲಿ ನಾವು ಇಷ್ಟು ದಿನ ಕರಬೂಜವೆಂದು ತಿಂದದ್ದು ಇದರ ಮುಂದೆ ಸೌತೆಕಾಯಿ ಅನ್ನಿಸಿತು. ಇದನ್ನು ಹೇಳೋಣವೆಂದು ನಮ್ಮವರ ಕಡೆ ತಿರುಗಿದರೆ ಅವರ ಎಡಗೆನ್ನೆ ಸ್ವಲ್ಪ ಉಬ್ಬಿದೆ. ಮುಖ ಮಾತ್ರ ಸಂಧ್ಯಾವಂದನೆಗೆ ಕೂತವರ ಹಾಗೆ ಗಂಭೀರ.

"ಯಾವೂರ್ರಿ ಸಾವ್ಕಾರ್ರ?" ಕೇಳಿದಳು ಅವಳು.

"ಮ್," ಎಂದರು ಇವರು.

"ಏನು ಕೆಲಸ ಮಾಡ್ತೀರಿ?"

"ಮ್ಮ್."

ಅವಳು ನನ್ನ ಕಡೆ ನೋಡಿದಳು. "ಯಜಮಾನ್ರಿಗೆ ಹಲ್ಲುನೋವೇನವ್ವ?" ನಾನು ನಗು ತಡೆಯಲಾರದೆ ಸೆರಗು ಬಾಯಿಗಿಟ್ಟುಕೊಂಡೆ. ಅಷ್ಟರಿಂದಲೇ ಅವಳಿಗೆ ತಿಳಿಯಿತು. ಅಂಗೈ ಚಾಚಿದಳು. "ಉಗುಳ್ರಿ." ಕಾಲೇಜಿನಲ್ಲಿ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸುವ ನಮ್ಮ ಯಜಮಾನರು ಸಂತೆಯ ನಡುವೆ ಬೀಜಗಳನ್ನು ಒಂದೊಂದಾಗಿ ಅವಳ ಅಂಗೈಗೆ ಉಗುಳಿದರು. ಸುತ್ತಲಿನವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳು ಮಾತ್ರ ನಗದೆ, ತಂಬಿಗೆಯ ನೀರಿನಲ್ಲಿ ಬೀಜ ತೊಳೆದು ಗಡಿಗೆಗೆ ಹಾಕಿಕೊಂಡಳು.

ಮನೆಗೆ ಬಂದು ಗುಂಡಾಚಾರರಿಗೆ ಹೇಳಿದರೆ, "ಆಕಿ ನರಸಮ್ಮ ಅಲ್ಲೇನು? ಆಕಿ ಗಂಡ ಹನುಮಪ್ಪನೇ ಹರಗೋಲು ಹಾಕ್ತಾನ. ಗದ್ವಾಲಕ್ಕ ಹೋಗಬೇಕಂದ್ರ ಅವನ ಹರಗೋಲದಾಗೇ ಹೊಳಿ ದಾಟಬೇಕು ನೀವು. ಬೀಜ ಮಾತ್ರ ಕನಸಿನಾಗೂ ಕೇಳಬ್ಯಾಡ್ರಿ," ಎಂದರು. ನಮ್ಮವರು ಎಲೆಯಲ್ಲಿದ್ದ ಅನ್ನವನ್ನು ಕಲಸುತ್ತಲೇ ಕೂತಿದ್ದರು. ನನಗೆ ಪಾಪ ಅನ್ನಿಸಿತು.

ನಾರಾಯಣಪೇಟೆ

ನಾರಾಯಣಪೇಟೆಯ ಬಸ್ಸಿನಲ್ಲಿ ಮೂರು ಮೇಕೆ, ಒಬ್ಬ ತಹಶೀಲ ಕಚೇರಿಯ ಗುಮಾಸ್ತ ಮತ್ತು ನಾವು ಮುಂದಿನ ಸೀಟಿನಲ್ಲಿದ್ದೆವು. ಅವುಗಳಲ್ಲಿ ಒಂದು ಮೇಕೆ ನಮ್ಮವರ ಟೋಪಿಯ ಅಂಚನ್ನು ತಿಂದಿತು. ಗುಮಾಸ್ತರು ಬಹಳ ನಯವಾಗಿ, "ಮುಆಫ್ ಮಾಡ್ರಿ, ಹೊಸದು, ಇನ್ನೂ ನಡಾವಳಿ ಗೊತ್ತಿಲ್ಲ ಅದಕ್ಕ," ಎಂದು ಮೇಕೆಯ ಪರವಾಗಿ ಕ್ಷಮೆ ಕೇಳಿದರು.

ಊರು ಹೊಕ್ಕರೆ ಮನೆಮನೆಯಲ್ಲೂ ಮಗ್ಗದ ಸದ್ದು. ನಮಗೆ ಸೀರೆ ಕೊಟ್ಟ ನೇಕಾರನ ಮನೆಯಲ್ಲಿ ಗಂಡ ಕುಣಿಯಲ್ಲಿ ಕಾಲಿಟ್ಟು ಮಗ್ಗ ತುಳಿಯುತ್ತಿದ್ದ, ಹೆಂಡತಿ ಒಲೆಯ ಮುಂದೆ ದೋಸಕಾಯಿ ಹೆಚ್ಚುತ್ತಿದ್ದಳು. ನಾನು ಸೀರೆ ಬಿಡಿಸಿ ನೋಡುವಷ್ಟರಲ್ಲಿ ನಮ್ಮವರು ಒಲೆಯ ಹತ್ತಿರ ಹೋಗಿ ಕೂತುಬಿಟ್ಟಿದ್ದರು. ಈ ದೋಸಕಾಯಿ ಕರಬೂಜದ ಅಕ್ಕ ಎಂದು ಹೇಳಿದರೆ ಆ ಹೆಂಗಸು, "ಅಕ್ಕನ ಬ್ಯಾಳ್ಯಾಗ ಹಾಕಿ, ತಂಗೀನ ಸಕ್ಕರ್ಯಾಗ ಹಾಕ್ತೀವಲ್ರಿ, ಎಂಥಾ ಅನ್ಯಾಯ," ಎಂದು ನಕ್ಕು ಒಂದು ಬಟ್ಟಲು ದೋಸಕಾಯಿ ಬೇಳೆಯ ಪಪ್ಪು ಬಡಿಸಿದಳು. ಹುಳಿ, ಖಾರ, ಬೆಳ್ಳುಳ್ಳಿ ಒಗ್ಗರಣೆ. ಬೆಳ್ಳುಳ್ಳಿ ಮುಟ್ಟದ ನಮ್ಮ ಮನೆಯವರು ಕರಬೂಜದ ಅಕ್ಕ ಎಂಬ ಒಂದೇ ಕಾರಣಕ್ಕೆ ಬಟ್ಟಲು ಬರಿದು ಮಾಡಿದರು. ಇದನ್ನು ಗುಂಡಾಚಾರರಿಗೆ ಹೇಳಬಾರದೆಂದು ನನಗೆ ಆಣೆ ಹಾಕಿದರು. ಆಣೆಯಲ್ಲಿ ಧಾರವಾಡದವರ ಹೆಸರು ಇರಲಿಲ್ಲ, ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಸೀರೆ ಹಸಿರು ಚೌಕಳಿಯದು, ಹಣ್ಣುಮೆಣಸಿನಕಾಯಿಯ ಕೆಂಪಿನ ಅಂಚು, ಕೆಂಪು ರೇಷ್ಮೆಯ ಸೆರಗು. ಸೆರಗಿನ ತುದಿಯಲ್ಲಿ ಗೇಣುದ್ದ ಎಳೆಗಳನ್ನು ಹಾಗೆಯೇ ಬಿಟ್ಟಿದ್ದ. "ಕುಚ್ಚು ಮನ್ಯಾಗ ಕಟ್ಕೊಳ್ರಿ ಅಮ್ಮಾ, ನಿಮಗ ಬೇಕಾದಂಗ," ಎಂದ. ನನಗೆ ಆ ಎಳೆಗಳ ಮೇಲೇ ಪ್ರೀತಿ. ಎಂಥ ಕುಚ್ಚು ಕಟ್ಟಬೇಕೆಂದು ದಾರಿಯುದ್ದಕ್ಕೂ ಯೋಚಿಸಿದೆ.

ಕೃಷ್ಣೆಯ ಮರಳು

ಗುಂಡಾಚಾರರ ಶಿಷ್ಯರೊಬ್ಬರ ಮನೆ ಹೊಳೆದಂಡೆಯ ಹಳ್ಳಿಯಲ್ಲಿತ್ತು. ಗಾಡಿ ಕಟ್ಟಿಸಿಕೊಂಡು ಹೋಗಿ ಅಲ್ಲಿ ಉಳಿದೆವು. ಬೇಸಿಗೆಯಲ್ಲಿ ಕೃಷ್ಣೆ ಒಂದು ಬದಿಗೆ ಸರಿದು ಮಲಗುತ್ತಾಳೆ. ಬಿಟ್ಟುಕೊಟ್ಟ ಮರಳಿನಲ್ಲಿ ಮೊಣಕಾಲುದ್ದ ಕುಣಿ ತೋಡಿ, ಗೊಬ್ಬರ ತುಂಬಿ ಬೀಜ ಊರುತ್ತಾರೆ. ಬಳ್ಳಿ ಹಬ್ಬಿ ಹಬ್ಬಿ ಮರಳೇ ಕಾಣುವುದಿಲ್ಲ.

ಬಳ್ಳಿಯ ನಡುವೆ ನರಸಮ್ಮ ನಿಂತಿದ್ದಳು. ನಮ್ಮವರನ್ನು ಗುರುತು ಹಿಡಿದು, "ಹಲ್ಲುನೋವು ಕಡಿಮಿ ಆತೇನ್ರಿ?" ಎಂದಳು. ಇವರು ನಾಚಿಕೊಂಡರೂ ಬಿಡಲಿಲ್ಲ. ತಾವು ಯಾರು, ಬೀಜ ಏಕೆ ಬೇಕು ಎಲ್ಲ ಬಿಡಿಸಿ ಹೇಳಿದರು. ಅವಳು ಗಮನವಿಟ್ಟು ಕೇಳಿದಳು, ಆಮೇಲೆ ತಲೆ ಅಲ್ಲಾಡಿಸಿದಳು.

"ಸಿಟ್ಟಾಗಬ್ಯಾಡ್ರಿ. ಈ ಬೀಜ ಉಡಿ ಬೀಜ. ಮಗಳ ಲಗ್ನದಾಗ ಆಕಿ ಉಡಿಗೆ ಹಾಕಿ ಕಳಸ್ತೀವಿ. ಮಗಳಿಗೆ ಬಿಟ್ಟು ಯಾರಿಗೂ ಕೊಡಂಗಿಲ್ಲ. ರಜಾಕಾರರ ಗದ್ದಲದಾಗ ಗುಡಸಲಾ ಬಿಟ್ಟು ಓಡಿ ಹೋಗಿದ್ವಿ. ತಿರುಗಿ ಬರೂದ್ರಾಗ ಗಡಿಗಿ ಒಡದು ಇಲಿ ಎಲ್ಲಾ ಬೀಜ ತಿಂದಿದ್ವು. ಹೊಳಿ ಆಕಡಿ ಕೊಟ್ಟ ನಮ್ಮ ಮಗಳು ಎಲ್ಲಮ್ಮನ ಮನ್ಯಾಗ ಉಡಿ ಬೀಜ ಇತ್ತು, ಅದನ್ನ ತಂದು ಊರೀವಿ. ಮಾರಿದ ಬೀಜ ತಿರುಗಿ ಬರಂಗಿಲ್ಲವ್ವ. ಮಗಳಿಗೆ ಕೊಟ್ಟದ್ದು ಬರ್ತೈತಿ."

ಕೊನೆಯ ಮಾತು ಹೇಳಿದ್ದು ನನಗೆ. ಹೆಣ್ಣು ಕೊಡುವಾಗ ನಮ್ಮ ಕಡೆಯೂ ಉಡಿಯಲ್ಲಿ ಅಕ್ಕಿ, ಕೊಬ್ಬರಿ, ಅರಿಶಿನದ ಕೊಂಬು ಹಾಕುತ್ತೇವೆ. ಆದರೆ ಒಂದು ಬೆಳೆಯ ಜೀವವನ್ನೇ ಮಗಳ ಮಡಿಲಿಗೆ ಹಾಕಿ ಕಾಪಾಡುವ ಈ ದಾರಿ ನನಗೆ ಬಹಳ ಹಿಡಿಸಿತು. ಇನ್ನು ಕೇಳುವುದು ತಪ್ಪು ಎಂದು ನಮ್ಮವರಿಗೆ ಕಣ್ಣಲ್ಲೇ ಹೇಳಿದೆ.

ಅಷ್ಟರಲ್ಲಿ ನರಸಮ್ಮ ಒಂದು ಹಣ್ಣು ಚಿವುಟಿ ನಾಲಿಗೆಗೆ ಹಚ್ಚಿ ಹೊಳೆಗೆ ಎಸೆದಳು. ಈ ವರ್ಷ ನಡುನಡುವೆ ಕೆಲವು ಬಳ್ಳಿ ಕಹಿ ಬಿಡುತ್ತಿವೆಯಂತೆ. "ಎಲ್ಲಮ್ಮನ ಅತ್ತಿಮನಿ ನೀರು ಸರಿ ಇಲ್ರಿ. ನಮ್ಮ ಬೀಜ ಅಲ್ಲಿ ಕೆಟ್ಟೈತಿ. ಹಿಂಗಾದ್ರ ಬರೋ ವರ್ಷ ಸಂತಿಗೆ ಏನು ಒಯ್ಯಲಿ?" ಎಂದಾಗ ಅವಳ ದನಿ ಕುಗ್ಗಿತ್ತು.

ನಮ್ಮವರ ಕಿವಿ ನೆಟ್ಟಗಾಯಿತು. ಮರಳಿನ ಅಂಚಿಗೆ ಓಡಿದರು. ಅಲ್ಲಿ ಬೇಲಿಗುಂಟ ಮಿಣಕಿ ಸೊಂಪಾಗಿ ಹಬ್ಬಿತ್ತು. ಅದನ್ನು ಉಪ್ಪು ಹಚ್ಚಿ ಒಣಗಿಸಿ, ಎಣ್ಣೆಯಲ್ಲಿ ಕರಿದು ತಿನ್ನುತ್ತಾರೆಂದು ಯಾರೂ ಬಳ್ಳಿ ಕಿತ್ತೆಸೆಯುವುದಿಲ್ಲ. ಎಲ್ಲಮ್ಮನ ಹೊಲದಲ್ಲೂ ಹೀಗೇ ಇದೆಯಂತೆ.

"ನೀರಿನ ತಪ್ಪಲ್ಲ, ನರಸಮ್ಮ. ಜೇನ್ನೊಣ ಈ ಮಿಣಕಿ ಹೂವಿನ ಪುಡಿ ಕರಬೂಜದ ಹೂವಿಗೆ ಒಯ್ತದ. ಆ ವರ್ಷದ ಹಣ್ಣು ತಾಯಿ ಹಾಂಗೇ ಸಿಹಿ ಇರ್ತದ, ಗೊತ್ತಾಗೂದಿಲ್ಲ. ಅದರ ಬೀಜ ಊರಿದಾಗ ತಂದಿ ಗುಣ ಹೊರಗ ಬೀಳ್ತದ," ಎಂದರು ಏದುಸಿರು ಬಿಡುತ್ತ.

ನರಸಮ್ಮ ಮಿಣಕಿಯ ಹೂವೊಂದನ್ನು ಕಿತ್ತು ಕರಬೂಜದ ಹೂವಿನ ಪಕ್ಕ ಹಿಡಿದು ನೋಡಿದಳು. "ಖರೆ ಇರಬೇಕ್ರಿ. ನಮ್ಮ ಮೊಮ್ಮಗ ಹುಟ್ಟಿದಾಗ ಥೇಟ್ ಎಲ್ಲಮ್ಮನಂಗ ಇದ್ದ. ಈಗ ನೋಡ್ರಿ, ಬರೇ ಅಳಿಯಾನ ಹಟ." ಮತ್ತೆ ಕೇಳಿದಳು, "ಈಗೇನು ಮಾಡಾಕ ಬರತೈತಿ?"

ಮಿಣಕಿ ಕೀಳುವುದು ಒಂದು ಕೆಲಸ. ಆದರೆ ಜೇನ್ನೊಣ ಎಲ್ಲಿಂದಲಾದರೂ ಬರುತ್ತದೆ. ನಾಳೆ ಅರಳುವ ಮೊಗ್ಗನ್ನು ಇಂದು ಸಂಜೆಯೇ ನೂಲಿನಿಂದ ಬಾಯಿ ಕಟ್ಟಬೇಕು, ಬೆಳಿಗ್ಗೆ ಬಿಚ್ಚಿ ಸಿಹಿ ಬಳ್ಳಿಯ ಹೂವಿನ ಪುಡಿಯನ್ನೇ ಸವರಿ ಮತ್ತೆ ಕಟ್ಟಬೇಕು, ಆ ಹೂವಿನ ಹಣ್ಣನ್ನು ಮಾತ್ರ ಬೀಜಕ್ಕೆ ಇಡಬೇಕು. ಹಾಗೆ ಹೇಳಿದ್ದೇನೋ ಹೇಳಿದರು, ನೂಲು ಎಲ್ಲಿ? ಹಗ್ಗದ ನಾರು ಮೊಗ್ಗನ್ನು ಕತ್ತರಿಸಿತು. ಹಳೆಯ ಬಟ್ಟೆಯ ಎಳೆ ಪಟ್ಟನೆ ಹರಿಯಿತು. ನಮ್ಮವರ ಕಣ್ಣು ನಿಧಾನವಾಗಿ ನನ್ನ ಹೊಸ ಸೆರಗಿನ ತುದಿಗೆ ಬಂದು ನಿಂತಿತು.

"ಅದರ ಕಡೆ ನೋಡಬ್ಯಾಡ್ರಿ," ಎಂದೆ.

ಅವರು ನೋಡುವುದನ್ನು ಬಿಟ್ಟರು, ಆದರೆ ಬೇರೆ ಏನನ್ನೂ ನೋಡಲಿಲ್ಲ. ನರಸಮ್ಮನಿಗೆ ಏನೂ ಗೊತ್ತಿರಲಿಲ್ಲ. ಅವಳು ಬಗ್ಗಿ ಮೊಗ್ಗೊಂದನ್ನು ಬೆರಳ ತುದಿಯಲ್ಲಿ ಹಿಡಿದು, ತಾನೇ ಏನೋ ತಪ್ಪು ಮಾಡಿದವಳ ಹಾಗೆ ಅದನ್ನು ದಿಟ್ಟಿಸುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ಅಲ್ಲೇ ಮರಳಿನ ಮೇಲೆ ಕೂತು ಸೆರಗಿನ ಕೆಂಪು ಎಳೆಗಳನ್ನು ಒಂದೊಂದಾಗಿ ಬಿಡಿಸಿ ಕೊಟ್ಟೆ. ಹೊಟ್ಟೆ ಉರಿಯಲಿಲ್ಲವೆಂದರೆ ಸುಳ್ಳು. ಅರ್ಧ ಸೆರಗು ಬೋಳಾದಾಗ ಸಾಕೆಂದು ನಿಲ್ಲಿಸಿದೆ.

ಸಂಜೆ ಮೂವರೂ ಬಗ್ಗಿ ಮೊಗ್ಗು ಕಟ್ಟಿದೆವು. ಬುಡದಲ್ಲಿ ಪುಟ್ಟ ಹೊಟ್ಟೆಯಿರುವುದು ಕಾಯಿ ಕಟ್ಟುವ ಹೂ, ಹೊಟ್ಟೆಯಿಲ್ಲದ್ದು ಗಂಡು ಹೂ. ನಮ್ಮವರು ಒಂದು ಕಟ್ಟುವಷ್ಟರಲ್ಲಿ ನರಸಮ್ಮ ನಾಲ್ಕು ಕಟ್ಟುತ್ತಿದ್ದಳು. ಬೆಳಿಗ್ಗೆ ಇವರು ಗಂಡು ಹೂವಿನ ಪಕಳೆ ಕಿತ್ತು, ಹೆಣ್ಣು ಹೂವಿಗೆ ಬಹಳ ಭಕ್ತಿಯಿಂದ ಸವರುವುದನ್ನು ನೋಡಿ ಅವಳು ನಗಲಾರಂಭಿಸಿದಳು.

"ನಿಮ್ಮ ಯಜಮಾನ್ರು ಹೂವಿನ ಲಗ್ನ ಮಾಡಾಕ ಹತ್ಯಾರಲ್ಲವ್ವ! ಮಂತ್ರ ಇಲ್ಲೇನ್ರಿ?"

"ಮಂತ್ರಕ್ಕ ಗುಂಡಾಚಾರರನ್ನ ಕರಸೂಣು," ಎಂದೆ. ಬಳ್ಳಿಯ ಮೇಲೆ ನನ್ನ ಸೆರಗು ಅಲ್ಲಲ್ಲಿ ಕೆಂಪಗೆ ಕಾಣುತ್ತಿತ್ತು.

ಗದ್ವಾಲ

ಎಲ್ಲಮ್ಮನ ಹಣ್ಣನ್ನೂ ನೋಡಬೇಕೆಂದು ನಮ್ಮವರು ಹೊಳೆ ದಾಟಲು ಹೊರಟರು. ಹನುಮಪ್ಪನ ಹರಗೋಲು ದೊಡ್ಡ ಬುಟ್ಟಿ. ಅದು ಹೋಗುವುದಕ್ಕಿಂತ ತಿರುಗುವುದೇ ಹೆಚ್ಚು. ಹೊಳೆಯ ನಡುವೆ ನಮ್ಮವರು ಕಣ್ಣು ಮುಚ್ಚಿಕೊಂಡು, ದಂಡೆ ಬಂತೇ ಎಂದು ಕ್ಷಣಕ್ಕೊಮ್ಮೆ ಕೇಳುತ್ತಿದ್ದರು. "ಯಾವ ದಂಡೀರಿ?" ಎಂದ ಹನುಮಪ್ಪ. ನಾನು ಮಾತ್ರ ಚಿಕ್ಕ ಹುಡುಗಿಯ ಹಾಗೆ ಖುಷಿಪಟ್ಟೆ.

ಗದ್ವಾಲದ ಕೋಟೆಯ ಹೊರಗಿನ ಸಂತೆಯಲ್ಲಿ ಎಲ್ಲಮ್ಮ ಸಿಕ್ಕಳು. ಅವಳನ್ನು ಕೊಟ್ಟದ್ದು ಇಟಿಕ್ಯಾಲದ ಕಡೆ. ತಾಯಿಯದೇ ಮುಖ, ಮಾತು ಮಾತ್ರ ಅರ್ಧ ತೆಲುಗು. "ರಾ ಅಮ್ಮಾ, ಕೂಡ್ರಿ. ನಮ್ಮ ಅವ್ವ ಚೆನ್ನಾಗಿ ಅದಾಳೇನ್ರಿ?" ಎಂದು ಕೈ ಹಿಡಿದುಕೊಂಡಳು. ಅವಳ ಹಣ್ಣು ಕೈಗೆತ್ತಿಕೊಂಡು ನಮ್ಮವರು ಬೆರಗಾದರು. ಅದೇ ಬೀಜ, ಆದರೆ ಹಣ್ಣು ದುಂಡಗೆ, ಗೀಟು ತೆಳು, ಪರಿಮಳ ಮಾತ್ರ ತಾಯಿಯ ಹಣ್ಣಿಗಿಂತ ಜೋರು. ಏಕೆ ಹೀಗೆ ಎಂದು ಕೇಳಿದೆ.

"ನಮ್ಮ ಅತ್ತಿಗೆ ವಾಸನಿ ಅಂದ್ರ ಪ್ರಾಣ. ವಾಸನಿ ಇದ್ದ ಹಣ್ಣಿನ ಬೀಜಾನೇ ಎತ್ತಿ ಇಡು ಅಂತಾರ. ಗುಂಡುಮಾಲ್‌ಗೆ ಕೊಟ್ಟ ನಮ್ಮ ತಂಗಿ ಮನ್ಯಾಗ ಹಣ್ಣು ಗಾಡಿ ಮ್ಯಾಲೆ ದೂರ ಒಯ್ಯಬೇಕು, ಅದಕ್ಕ ದಪ್ಪ ಸಿಪ್ಪಿದು ಆರಸ್ತಾರ. ಆಕಿ ಹಣ್ಣು ಉದ್ದ, ಸೋರಿಕಾಯಿ ಇದ್ದಂಗ."

"ಹಂಗಾದ್ರ ಲಗ್ನ ಆದ ಮನಿಗೊಂದು ಥರಾ ಹಣ್ಣು," ಎಂದೆ ನಾನು. ಒಂದು ತಾಯಿಯ ಬೀಜ, ಹೆಣ್ಣುಮಕ್ಕಳ ಉಡಿಯಲ್ಲಿ ಊರೂರಿಗೆ ಹೋಗಿ, ಅತ್ತೆಯಂದಿರ ನಾಲಿಗೆಗೆ, ಮೂಗಿಗೆ ತಕ್ಕ ಹಾಗೆ ಬೇರೆ ಬೇರೆ ಜಾತಿಯಾಗುತ್ತದೆ. ನಮ್ಮವರು ಸಂತೆಯ ನಡುವೆ ನಿಂತುಬಿಟ್ಟರು. ಇಷ್ಟು ಬಗೆ ಎಲ್ಲಿಂದ ಬಂದವು ಎಂದು ತಾವು ವರ್ಷಗಟ್ಟಲೆ ತಲೆ ಕೆಡಿಸಿಕೊಂಡದ್ದನ್ನು ಅಂದು ಎಷ್ಟು ಸಲ ಹೇಳಿದರೋ! ಆ ಸಂತೋಷದಲ್ಲಿ ನನ್ನನ್ನು ಗದ್ವಾಲ ಸೀರೆಯ ಅಂಗಡಿಗೂ ಕರೆದುಕೊಂಡು ಹೋದರು. ಅಲ್ಲಿ ಒಂದು ಸೆರಗನ್ನು ಬೆರಳಲ್ಲಿ ಉಜ್ಜಿ, "ಇದರ ನೂಲು ಇನ್ನೂ ಸಣ್ಣ ಅದ, ಮೊಗ್ಗಿಗೆ ಛಲೋ," ಎಂದರು. ನಾನು ಕೂಡಲೇ ಅಂಗಡಿಯಿಂದ ಅವರನ್ನು ಹೊರಗೆ ಕರೆತಂದೆ.

ಮತ್ತೆ ಮರಳಿಗೆ

ಕೆಲವು ದಿನ ಕಳೆದು ಹೊಳೆ ದಾಟಿ ಬಂದಾಗ ನರಸಮ್ಮ ದಂಡೆಯಲ್ಲೇ ಕಾಯುತ್ತಿದ್ದಳು. ನನ್ನ ಕೈ ಹಿಡಿದು ಬಳ್ಳಿಗಳ ನಡುವೆ ನಡೆಸಿದಳು. ಕೆಂಪು ಎಳೆ ಕಟ್ಟಿದ ಕಡೆಯಲ್ಲೆಲ್ಲ ಮೃದುವಾದ ರೋಮದ ಪುಟ್ಟ ಕಾಯಿಗಳು, ಲಿಂಬೆಯಷ್ಟು ಗಾತ್ರದವು. ಬೇಲಿಯ ಮಿಣಕಿಯನ್ನು ಅವಳು ಬೇರು ಸಹಿತ ಕಿತ್ತಿದ್ದಳು.

ಗುಡಿಸಲಿನ ಮುಂದೆ ನನ್ನನ್ನು ಮಣೆಯ ಮೇಲೆ ಕೂರಿಸಿದಳು. ಹಣೆಗೆ ಕುಂಕುಮ ಹಚ್ಚಿ, ಸೆರಗು ಹಿಡಿ ಎಂದಳು. ಅಕ್ಕಿ ಹಾಕಿದಳು, ಕೊಬ್ಬರಿಯ ಗಿಟುಕು ಇಟ್ಟಳು. ಆಮೇಲೆ ಗಡಿಗೆಗೆ ಕೈ ಹಾಕಿ ಬೂದಿ ಹಚ್ಚಿದ ಬೀಜ ಒಂದು ಹಿಡಿ ತೆಗೆದು ನನ್ನ ಉಡಿಗೆ ಸುರಿದಳು. ನಾನು ಬಾಯಿ ಬಿಡುವಷ್ಟರಲ್ಲಿ ಅವಳೇ ಹೇಳಿದಳು:

"ನಿನ್ನ ಸೆರಗು ನನ್ನ ಬಳ್ಳಿ ಮ್ಯಾಲೆ ಐತಿ. ಇನ್ನ ನೀ ಹೊರಗಿನಾಕಿ ಹೆಂಗ ಆಗ್ತಿ? ಮಾರಬ್ಯಾಡ. ಹಂಚಬ್ಯಾಡ. ಮಗಳು ಹುಟ್ಟಿದ್ರ ಆಕಿ ಉಡಿಗೆ ಹಾಕು. ನಾ ಕೇಳಾಕ ಬಂದ್ರ ಇಲ್ಲ ಅನಬ್ಯಾಡ."

ನನ್ನ ತಾಯಿ ಹೋಗಿ ಬಹಳ ವರ್ಷಗಳಾಗಿದ್ದವು. ಅಂದಿನಿಂದ ಯಾರೂ ನನಗೆ ಹೀಗೆ ಉಡಿ ತುಂಬಿರಲಿಲ್ಲ. ನಾನು ಅತ್ತುಬಿಟ್ಟೆ, ಮುಚ್ಚಿಟ್ಟುಕೊಳ್ಳಲಿಲ್ಲ. ನರಸಮ್ಮನೂ ಅತ್ತಳು. ನಮ್ಮವರು ದೂರದಲ್ಲಿ ಟೋಪಿ ತೆಗೆದು, ಮೇಕೆ ತಿಂದ ಅಂಚನ್ನು ಸವರುತ್ತ ನಿಂತಿದ್ದರು.

ರಾಯಚೂರಿನಲ್ಲಿ ಅದೇ ಮೀಸೆಯ ಮನುಷ್ಯ. ನಮ್ಮವರನ್ನು ನೋಡಿ ಟ್ರಂಕಿನಿಂದ ದೂರವೇ ನಿಂತ. ಮಡಿಲಲ್ಲಿ ಗಂಟು ಕಂಡು, "ಅದೇನಮ್ಮಾ?" ಎಂದ. "ತವರಿನ ಉಡಿರಿ," ಎಂದೆ. ಅವನು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು, "ಹೋಗಿ ಬರ್ರಿ ತಂಗಿ," ಎಂದು ದಾರಿ ಬಿಟ್ಟ.

ಧಾರವಾಡ, ಬಂದ ಮೇಲೆ

ಅರ್ಧ ಬೀಜ ಹಿತ್ತಿಲಲ್ಲಿ ಊರಿದೆವು, ಅರ್ಧ ಬೂದಿಯಲ್ಲಿಟ್ಟೆವು. ಧಾರವಾಡದ ಮಳೆಗೆ ಬಹಳಷ್ಟು ಬಳ್ಳಿ ಕೊಳೆತವು. ತಗಡಿನ ಮರೆಯಲ್ಲಿ ಉಳಿದವಕ್ಕೆ ನಮ್ಮವರು ದಿನವೂ ಮೊಗ್ಗು ಕಟ್ಟಿ ಬಿಚ್ಚಿ ಕಾವಲು ಕೂತರು. ಕೆಲವು ಬಳ್ಳಿ ಕಹಿ ಬಿಟ್ಟವು, ಕಿತ್ತೆಸೆದರು. ಸಿಹಿ ಬಳ್ಳಿಯ ಬೆರಳೆಣಿಕೆಯ ಹಣ್ಣುಗಳ ಬೀಜ ತೊಳೆದು ಒಣಗಿಸಿ ಒಂದು ಚೀಲದಲ್ಲಿ ತೆಗೆದಿಟ್ಟರು. ಚಳಿಗಾಲ ಬಂದ ಕೂಡಲೇ ಕಾಲೇಜಿನ ತೋಟದಲ್ಲಿ, ಹಿರಿಯರ ಕಿಟಕಿಯ ಕೆಳಗೇ ಊರಬೇಕೆಂದು ಪಾತಿ ಮಾಡಿಸಿದ್ದರು. ದಿನಕ್ಕೊಮ್ಮೆ ಚೀಲ ಅಲ್ಲಾಡಿಸಿ ಸದ್ದು ಕೇಳುತ್ತಿದ್ದರು.

ದೀಪಾವಳಿ ಮುಗಿದಿತ್ತು. ಬೆಳಿಗ್ಗೆ ರಂಗೋಲಿ ಹಾಕುತ್ತಿದ್ದೆ. ಕಣ್ಣೆತ್ತಿದರೆ ಎದುರಿಗೆ ನರಸಮ್ಮ, ಹಿಂದೆ ಹನುಮಪ್ಪ. ಕಾಲೇಜಿನ ಹಿಂದೆ ಬೇವಿನ ಮರದ ಮನೆ ಎಂದು ನಾನು ಹೇಳಿದ್ದೊಂದನ್ನೇ ಹಿಡಿದು ಮೂರು ರೈಲು ಬದಲಿಸಿ ಬಂದಿದ್ದರು. ಅವರಿಗೂ ಇದು ಪರದೇಶವೇ. ಗುಂತಕಲ್ಲಿನಲ್ಲಿ ಅವರ ನಾಣ್ಯ ಯಾರೂ ಮುಟ್ಟದೆ, ಒಂದು ಲೋಟ ಚಹಾ ಕೂಡ ಸಿಕ್ಕಿರಲಿಲ್ಲ. ಮೊದಲು ನೀರು, ಬೆಲ್ಲ ಕೊಟ್ಟೆ. ಅವರ ಊರಿನ ಹಾಗೇ, ಅದಾದ ಮೇಲೆ ಕೇಳಿದೆ.

"ಹೊಳಿ ಬಂದು ಗುಡಸಲಾ ಒಯ್ತವ್ವ. ಕೆಂಪು ನೂಲಿನ ಹಣ್ಣಿನ ಬೀಜದ ಗಡಿಗಿ ಅದರಾಗೇ ಇತ್ತು. ಎಲ್ಲಮ್ಮನ ಬೀಜ ಕಹಿ ಆಗೈತಿ, ಗುಂಡುಮಾಲ್‌ಗೆ ಕೊಟ್ಟ ಸಣ್ಣಾಕಿ ಮನ್ಯಾಗಿಂದೂ ಹಂಗ. ಇನ್ನ ಊರೋ ಹೊತ್ತು ಬಂತು." ಅವಳು ನನ್ನ ಮುಖ ನೋಡಲಿಲ್ಲ, ನೆಲ ನೋಡುತ್ತ ಹೇಳಿದಳು. "ನೀ ಒಬ್ಬಾಕಿ ಉಳದೀದಿ."

ಬೂದಿಯಲ್ಲಿಟ್ಟ ಬೀಜ ನನ್ನ ಹತ್ತಿರವಿತ್ತು. ಆದರೆ ಅದೂ ಕಹಿ ಬೆರೆತ ಹಳೆಯ ಬೀಜವೇ. ಶುದ್ಧವಾದದ್ದು ನಮ್ಮವರ ಚೀಲದಲ್ಲಿತ್ತು. ನಾನು ಬಾಗಿಲ ಕಡೆ ನೋಡಿದೆ. ನಮ್ಮವರು ಎಲ್ಲವನ್ನೂ ಕೇಳಿಸಿಕೊಂಡು ನಿಂತಿದ್ದರು. ಕೇಳಲು ನನಗೇ ಧೈರ್ಯ ಬರಲಿಲ್ಲ. ಅವರು ಒಳಗೆ ಹೋದರು. ಸ್ವಲ್ಪ ತಡವಾಯಿತು. ಚೀಲದ ಸದ್ದು ಒಂದು ಸಲ ಕೇಳಿಸಿತು. ಹೊರಗೆ ಬಂದು ಅದನ್ನು ನನ್ನ ಕೈಯಲ್ಲಿಟ್ಟರು.

"ಪೂರಾ ಕೊಡು," ಎಂದರು. "ಹಿರಿಯರು ಇನ್ನೊಂದು ವರ್ಷ ಇರಾನ್ ಅನ್ನಲಿ."

ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರ ಮೇಲೆ ಅಷ್ಟು ಪ್ರೀತಿ ನನಗೆ ಎಂದೂ ಬಂದಿರಲಿಲ್ಲ. ನರಸಮ್ಮನನ್ನು ಮಣೆಯ ಮೇಲೆ ಕೂರಿಸಿ, ಕುಂಕುಮ ಹಚ್ಚಿ ಸೆರಗು ಹಿಡಿ ಎಂದೆ. ಮಗಳು ತಾಯಿಗೆ ಉಡಿ ತುಂಬುವುದು ಎಲ್ಲಾದರೂ ಉಂಟೇ ಎಂದು ಅವಳು ನಕ್ಕಳು, ಆದರೂ ಹಿಡಿದಳು. ಅಕ್ಕಿ, ಕೊಬ್ಬರಿ, ಮೇಲೆ ಬೀಜ. ಮೊಗ್ಗು ಕಟ್ಟಲು ಬೇಕಾಗುತ್ತದೆಂದು ನಾರಾಯಣಪೇಟೆ ಸೀರೆ ತಂದು, ಉಳಿದ ಅರ್ಧ ಸೆರಗಿನ ಎಳೆಗಳನ್ನೂ ಬಿಡಿಸಿ ಸುರುಳಿ ಸುತ್ತಿ ಬೀಜದ ಮೇಲಿಟ್ಟೆ. ಈ ಸಲ ಹೊಟ್ಟೆ ಉರಿಯಲಿಲ್ಲ.

ನರಸಮ್ಮ ಬೋಳು ಸೆರಗನ್ನು ಎತ್ತಿ ಈ ತುದಿಯಿಂದ ಆ ತುದಿಯವರೆಗೆ ಬೆರಳಾಡಿಸಿದಳು.

"ಇದನ್ನ ಇನ್ನ ಉಡಬ್ಯಾಡವ್ವ," ಎಂದಳು. "ಹಣ್ಣಿನ ಹೊತ್ತಿಗೆ ತವರಿಗೆ ಬಾ. ಹೊಸಾದು ಉಡಸ್ತೀನಿ."